ಮಳಖೇಡ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಐತಿಹಾಸಿಕ ಗ್ರಾಮ. ಪ್ರಾಚೀನ ಹೆಸರು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ವಾಡಿ–ಸಿಕಂದರಾಬಾದ್ ರೈಲು ಮಾರ್ಗದ ಮಳಖೇಡ ರೋಡ್ ಹತ್ತಿರದ ನಿಲ್ದಾಣ.

ಇತಿಹಾಸ: 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ರಾಜಧಾನಿಯಾಗಿ ಬೆಳೆಯಿತು. ‘ಕವಿರಾಜಮಾರ್ಗ’ ಅವನ ಆಸ್ಥಾನದ ಕೃತಿ. ಅರಬ್ ಲೇಖಕ ಅಲ್ ಮಸೂದಿ ಇದನ್ನು ಮಾಂಕೀರ್ ಎಂದು ಕರೆದಿದ್ದಾನೆ. ಅಪಭ್ರಂಶ ಕವಿ ಪುಷ್ಪದಂತ ‘ಮಹಾಪುರಾಣ’ವನ್ನು ರಚಿಸಿದ್ದು ಇಲ್ಲಿಯೇ. 972ರಲ್ಲಿ ಪರಮಾರ ಸೀಯಕ ನಗರವನ್ನು ಸೂರೆಮಾಡಿದ. ಬಳಿಕ ಕಲ್ಯಾಣ ಚಾಲುಕ್ಯರು ಕೆಲಕಾಲ ಇಲ್ಲಿಂದಲೇ ಆಳಿ, ಅನಂತರ ಕಲ್ಯಾಣಕ್ಕೆ ತೆರಳಿದರು.

ಪ್ರೇಕ್ಷಣೀಯ ಸ್ಥಳಗಳು: ನದಿಗೆ ಮುಖಮಾಡಿ ನಿಂತಿರುವ ಕೋಟೆ ಸುತ್ತಲಿನ ಸುಣ್ಣಕಲ್ಲಿನಿಂದ ಕಟ್ಟಿದ್ದು. ನೇಮಿನಾಥ ಬಸದಿಯಲ್ಲಿ 96 ಚಿಕ್ಕ ಬಿಂಬಗಳುಳ್ಳ ಪಂಚಧಾತುವಿನ ಜಿನಾಲಯವಿದೆ. ಉತ್ತರಾದಿ ಮಠದಲ್ಲಿ ಭಕ್ತರು ಅಕ್ಷೋಭ್ಯತೀರ್ಥ, ಟೀಕಾಚಾರ್ಯ ಜಯತೀರ್ಥರ ವೃಂದಾವನಗಳೆಂದು ಪೂಜಿಸುವ ಸನ್ನಿಧಿಗಳಿವೆ.

ಆಹಾರ: ಜೋಳದ ರೊಟ್ಟಿ, ಪುಂಡಿಪಲ್ಯ, ಜುಣಕ, ಶೇಂಗಾ ಹಿಂಡಿ ನಿತ್ಯದ ಊಟ. ಎಳ್ಳಮಾಸಿಯಂದು ಹೊಲದಲ್ಲಿ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವುದು ಈ ಭಾಗದ ರೂಢಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿದೆ.

ಪರಿಸರ: ಪರಸಿ ಕಲ್ಲಿಗೆ ಹೆಸರಾದ ಶಹಾಬಾದ್, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬೌದ್ಧ ನೆಲೆ, ಚಿಂಚೋಳಿಯ ಅರಣ್ಯ ಮತ್ತು ಚಂದ್ರಂಪಳ್ಳಿ ಜಲಾಶಯ ಇದೇ ಜಿಲ್ಲೆಯಲ್ಲಿವೆ. ಸುಣ್ಣಕಲ್ಲಿನ ನಿಕ್ಷೇಪದಿಂದಾಗಿ ಮಳಖೇಡದ ಆಸುಪಾಸು ಇಂದು ಸಿಮೆಂಟ್ ಉದ್ಯಮದ ಕೇಂದ್ರವಾಗಿದೆ.