ಎರಡು ಸೂರ್ಯೋದಯಗಳ ದಾರಿ

ಗಾವುದ, ಹರದಾರಿ ಎಂಬ ಅಳತೆಗಳು ನಮ್ಮಲ್ಲಿ ಬಹಳ ಹಿಂದಿನಿಂದ ಇದ್ದರೂ, ದಾರಿ ಕೇಳಿದವನಿಗೆ “ಹೊತ್ತು ಮುಳುಗುವುದರೊಳಗೆ ಸೇರುತ್ತೀಯೆ” ಎಂದು ಹೇಳುವುದೇ ರೂಢಿ. ನಡೆಯುವವನಿಗೆ ಬೇಕಾದುದು ದೂರವಲ್ಲ, ಹೊತ್ತು. ಆಕಾಶಮಾರ್ಗಕ್ಕೂ ಇದೇ ಮಾತು ಸಲ್ಲುತ್ತದೆಂಬುದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಒಂದು ದಾರಿ ಸಾಕ್ಷಿ.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಯಿತು. ಸಿಡ್ನಿಯಿಂದ ಲಂಡನ್ನಿಗೆ ಹೋಗುತ್ತಿದ್ದ ವಿಮಾನಮಾರ್ಗ ನಡುವೆ ಕಡಿದುಹೋಯಿತು. ಆಸ್ಟ್ರೇಲಿಯಕ್ಕೂ ಸಿಂಹಳಕ್ಕೂ ನಡುವೆ ಉಳಿದದ್ದು ಇಳಿಯಲು ನೆಲೆಯಿಲ್ಲದ ಹಿಂದೂ ಮಹಾಸಾಗರ. ಪರ್ತ್ ನಗರದ ಸ್ವಾನ್ ನದಿಯಿಂದ ಗಾಲೆಯ ಬಳಿಯ ಕೊಗ್ಗಲ ಸರೋವರಕ್ಕೆ ಸುಮಾರು 5,650 ಕಿಲೋಮೀಟರು. 1943ರ ಜೂನ್ ತಿಂಗಳಿಂದ ಕ್ವಾಂಟಾಸ್ ಸಂಸ್ಥೆಯು ಐದು ಕ್ಯಾಟಲೀನಾ ವಿಮಾನಗಳಿಂದ ಈ ಕಡಲನ್ನು ಒಂದೇ ಹಾರಾಟದಲ್ಲಿ ದಾಟತೊಡಗಿತು. ಇವು ನೀರಿನಿಂದಲೇ ಮೇಲೇರಿ ನೀರಿನ ಮೇಲೆಯೇ ಇಳಿಯುವ ಯಂತ್ರಗಳು.

ಗಂಟೆಗೆ ಸುಮಾರು 200 ಕಿಲೋಮೀಟರು ವೇಗ. ಗಾಳಿ ಒಲಿದರೆ 27 ಗಂಟೆ, ಮುನಿದರೆ 30ಕ್ಕೂ ಮೀರಿ. ಅತಿ ದೀರ್ಘವಾದ ಪಯಣ 32 ಗಂಟೆ 9 ನಿಮಿಷ ಹಿಡಿಯಿತು. ದೂರವೇನೋ ಅಷ್ಟೇ, ಹೊತ್ತು ಮಾತ್ರ ಗಾಳಿಯ ಕೈಯಲ್ಲಿ. ಆದಕಾರಣ ಹೊಟ್ಟೆತುಂಬ ಇಂಧನ, ಸುಮಾರು 9,000 ಲೀಟರು, ಹೊರಲೇಬೇಕಾಯಿತು. ಉಳಿದ ಜಾಗ ಮೂವರು ಪ್ರಯಾಣಿಕರಿಗೆ, 69 ಕಿಲೋಗ್ರಾಂ ಟಪಾಲಿಗೆ. ಹೊರಟ ಮೊದಲ ಕೆಲವು ಗಂಟೆಗಳಲ್ಲಿ ಎರಡು ಎಂಜಿನ್ನುಗಳ ಪೈಕಿ ಒಂದು ಕೈಕೊಟ್ಟರೂ, ಆ ಭಾರವನ್ನು ಇನ್ನೊಂದು ಹೊರಲಾರದು.

ಇದಕ್ಕಿಂತ ಕಠಿನವಾದುದು ಮೌನ. ಶತ್ರುವಿನ ಕಿವಿಗೆ ಬೀಳಬಾರದೆಂದು ರೇಡಿಯೋ ಬಾಯಿ ಬಿಡುವಂತಿಲ್ಲ; ಹವೆಯ ವರ್ತಮಾನವೂ ಮೋರ್ಸ್ ಸಂಕೇತದಲ್ಲಿ ಚುಟುಕಾಗಿ, ಅಷ್ಟೆ. ಒಂದು ಹಗಲು ಒಂದು ರಾತ್ರಿ ಕಳೆದರೂ ವಿಮಾನ ಎಲ್ಲಿದೆಯೆಂದು ದಡದವರಿಗೆ ತಿಳಿಯದು. ಸಂಜೆಯ ವಾರ್ತೆ ಐದು ನಿಮಿಷ ತಡವಾದರೆ ಗುಂಡಿ ತಿರುಗಿಸುವ ನಮಗೆ ಆ ಕಾಯುವಿಕೆಯನ್ನು ಊಹಿಸುವುದೂ ಕಷ್ಟ. ಜಪಾನೀ ವಿಮಾನಗಳ ಕಣ್ಣಿಗೆ ಬೀಳುವ ಭಾಗವನ್ನು ಕತ್ತಲಲ್ಲೇ ದಾಟಬೇಕು. ಆಗ ದಿಕ್ಕು ತೋರುವುವು ನಕ್ಷತ್ರಗಳು. ಐದು ವಿಮಾನಗಳಿಗೂ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು: ಆಲ್ಟೇರ್, ವೇಗಾ, ಸ್ಪೈಕಾ, ಆಂಟೇರಿಸ್, ರೈಗೆಲ್. ಮೊದಲ ನಾಲ್ಕು ನಮ್ಮವರ ಶ್ರವಣ, ಅಭಿಜಿತ್, ಚಿತ್ತಾ, ಜ್ಯೇಷ್ಠಾ. ಪಂಚಾಂಗ ಬಲ್ಲ ಅಜ್ಜಿಯೊಬ್ಬಳು ಆ ವಿಮಾನವನ್ನೇರಿದ್ದರೆ ಪರಕೀಯವೆನಿಸುತ್ತಿರಲಿಲ್ಲ!

ಪ್ರಯಾಣಿಕರು ಒಂದೇ ಹಾರಾಟದಲ್ಲಿ ಎರಡು ಬಾರಿ ಸೂರ್ಯೋದಯ ಕಾಣುತ್ತಿದ್ದರು. ಇಳಿದ ಮೇಲೆ, ಇಪ್ಪತ್ತನಾಲ್ಕು ಗಂಟೆಗೂ ಮೀರಿ ಆಕಾಶದಲ್ಲಿದ್ದುದಕ್ಕೆ, ‘ಎರಡು ಸೂರ್ಯೋದಯಗಳ ಗುಪ್ತ ಸಂಘ’ದ ಸದಸ್ಯರೆಂಬ ಪ್ರಮಾಣಪತ್ರ ಕೈಗೆ ಬರುತ್ತಿತ್ತು. 2018ರ ಮಾರ್ಚಿಯಲ್ಲಿ ಅದೇ ಪರ್ತ್ ನಗರದಿಂದ ಅದೇ ಸಂಸ್ಥೆಯ ಜೆಟ್ ವಿಮಾನ ಎಲ್ಲಿಯೂ ಇಳಿಯದೆ ಲಂಡನ್ ಸೇರತೊಡಗಿತು: ಸುಮಾರು 14,500 ಕಿಲೋಮೀಟರು, ಸುಮಾರು 17 ಗಂಟೆ. ದೂರ ಎರಡೂವರೆ ಪಟ್ಟು. ಹೊತ್ತು ಹೆಚ್ಚುಕಡಮೆ ಅರ್ಧ.

1945ರ ಜುಲೈವರೆಗೆ ಕ್ಯಾಟಲೀನಾಗಳು ಕಡಲನ್ನು 271 ಬಾರಿ ದಾಟಿದುವು. ಒಂದೂ ಅಪಘಾತಕ್ಕೆ ಈಡಾಗಲಿಲ್ಲ, ಒಂದು ಪ್ರಾಣವೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ, ಅಮೆರಿಕದಿಂದ ಕಡವಾಗಿ ಬಂದ ಸಾಮಗ್ರಿಯ ಕರಾರಿನಂತೆ, ಆ ಐದೂ ವಿಮಾನಗಳನ್ನು ಆಸ್ಟ್ರೇಲಿಯದ ತೀರದಾಚೆಗೆ ಎಳೆದೊಯ್ದು ಬೇಕೆಂದೇ ಸಮುದ್ರದಲ್ಲಿ ಮುಳುಗಿಸಲಾಯಿತು.