ಕಂಠಶಲ್ಯವೂ ‘ನೆತ್ತಿಗೆ ಹತ್ತುವುದೂ’

ಊಟ ಮಾಡುತ್ತಿರುವ ಮಗುವಿಗೆ ನೀರೋ ಅಗುಳೋ ದಾರಿತಪ್ಪಿ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಎಂದು ಹಿರಿಯರು ಅದರ ನೆತ್ತಿಯನ್ನು ಮೆಲ್ಲನೆ ತಟ್ಟುವುದೂ, ‘ಯಾರೋ ನೆನೆಸಿಕೊಂಡರು’ ಎಂದು ಸಮಾಧಾನ ಹೇಳುವುದೂ ಕನ್ನಡನಾಡಿನಲ್ಲಿ ಸರ್ವಸಾಧಾರಣವಾದ ಆಚಾರ. ಬೆಂಗಳೂರಿನ ಪಶ್ಚಿಮಭಾಗದಲ್ಲಿ, ಹಳೆಯ ಊರಾದ ಕೆಂಗೇರಿಯಲ್ಲಿಯೂ, ಹೊಲಗಳಿದ್ದೆಡೆ ಆಮೇಲೆ ಎದ್ದುನಿಂತ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿಯೂ ಈ ಮಾತು ಇಂದಿಗೂ ಕೇಳಿಬರುವುದು. ಆದರೆ ಮೀನಿನ ಮುಳ್ಳೋ ಒಣತುತ್ತೋ ಕೆಳಗಿಳಿಯದೆ ನಿಂತರೆ ಅದೇ ಜನರು ‘ನೆತ್ತಿಗೆ ಹತ್ತಿತು’ ಎನ್ನುವುದಿಲ್ಲ. ‘ಗಂಟಲಲ್ಲಿ ಸಿಕ್ಕಿಕೊಂಡಿತು’ ಎನ್ನುವರು. ಸಂಸ್ಕೃತ ಶಲ್ಯತಂತ್ರವು ಒಂದೇ ಶಬ್ದದಲ್ಲಿ ಅಡಗಿಸಿದ ಎರಡು ಸಂಗತಿಗಳನ್ನು ಕನ್ನಡದ ಮನೆಮಾತು ಬೇರ್ಪಡಿಸಿರುವುದು ಇಲ್ಲಿ ವಿಚಾರಾರ್ಹವಾಗಿದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯಕ್ಕೆ ಶಲ್ಯಾಪನಯನೀಯವೆಂದು ಹೆಸರು. ಶಲ್ಯವೆಂದರೆ ಮೊದಲು ಬಾಣದ ಮೊನೆ. ಶಾಸ್ತ್ರದಲ್ಲಿ ದೇಹದೊಳಗೆ ಸೇರಿ ಬಾಧಿಸುವ ಪರವಸ್ತುವೆಲ್ಲವೂ ಶಲ್ಯವೇ. ಕಂಠದಲ್ಲಿ ಅರಗು ಸಿಕ್ಕಿಕೊಂಡರೆ ಏನು ಮಾಡತಕ್ಕದ್ದೆಂಬುದನ್ನು ಅಲ್ಲಿ ಪ್ರತ್ಯೇಕವಾಗಿ ವಿಧಿಸಿದೆ. ಗಂಟಲಿನೊಳಗೆ ಒಂದು ನಾಳವನ್ನಿಟ್ಟು, ಅದರ ಮೂಲಕ ಕಾಯಿಸಿದ ಶಲಾಕೆಯನ್ನು ಹೊಗಿಸಿ, ಅರಗು ಅದಕ್ಕೆ ಅಂಟಿದ ಮೇಲೆ ತಣ್ಣೀರೆರೆದು ಗಟ್ಟಿಮಾಡಿ ಹೊರಗೆಳೆಯಬೇಕು. ಅರಗಲ್ಲದ ವಸ್ತುವಾದರೆ ಶಲಾಕೆಯ ತುದಿಗೇ ಅರಗನ್ನೂ ಮೇಣವನ್ನೂ ಬಳಿದು ಹಾಗೆಯೇ ತೆಗೆಯಬಹುದೆಂದು ಕೆಲವರ ಮತ. ಮೂಳೆ ಅಡ್ಡಲಾಗಿ ನಿಂತಿದ್ದರೆ ಕೂದಲುಂಡೆಯೊಂದನ್ನು ಗಟ್ಟಿದಾರಕ್ಕೆ ಕಟ್ಟಿ ದ್ರವಾಹಾರದೊಡನೆ ನುಂಗಿಸಿ, ವಾಂತಿಮಾಡಿಸಿ, ಮೂಳೆಯು ಉಂಡೆಗೆ ತಗುಲಿತೆಂದು ತಿಳಿದೊಡನೆ ದಾರವನ್ನು ಥಟ್ಟನೆ ಸೆಳೆಯಬೇಕು. ತುತ್ತು ಸಿಕ್ಕಿಕೊಂಡಿದ್ದರೆ ರೋಗಿಗೆ ಸುಳಿವು ಕೊಡದೆ ಹೆಗಲಿನ ಮೇಲೆ ಮುಷ್ಟಿಯಿಂದ ಗುದ್ದಬೇಕು. ಇಲ್ಲವೆ ಸ್ನೇಹವನ್ನೋ ಮದ್ಯವನ್ನೋ ನೀರನ್ನೋ ಕುಡಿಸಬೇಕು.

ಸಾಮಾನ್ಯವಾದ ಮೂಳೆ, ತುತ್ತುಗಳ ಜೊತೆಗೆ ಅಪರೂಪವಾದ ಅರಗನ್ನು ಗ್ರಂಥಕಾರನು ಏಕೆ ಎತ್ತಿಕೊಂಡನು? ಬಾಯಿಗೆ ಅರಗನ್ನು ಹಾಕಿಕೊಳ್ಳುವವರು ಮಕ್ಕಳಲ್ಲದೆ ಮತ್ತಾರು? ಮೂಲದಲ್ಲಿ ಬಾಲಶಬ್ದವಿಲ್ಲವಾದುದರಿಂದ ಇದು ಊಹೆಯೇ ಸರಿ. ಆದರೂ ಕೆಂಗೇರಿಯನ್ನು ಹಾದು ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಚನ್ನಪಟ್ಟಣದಲ್ಲಿ ಮರದ ಬೊಂಬೆಗಳಿಗೆ ಬಣ್ಣದ ಅರಗನ್ನು ಲೇಪಿಸುವುದನ್ನು ಕಂಡವರಿಗೆ, ಅರಗಿಗೂ ಮಕ್ಕಳಿಗೂ ಇರುವ ಸಂಬಂಧವು ವಿಚಿತ್ರವಾಗಿ ತೋರದು.

ಮೇಲ್ಕಂಡ ಮುಷ್ಟಿಪ್ರಹಾರವನ್ನು ಹಿಡಿದುಕೊಂಡು, ಅಮೆರಿಕೆಯ ಶಸ್ತ್ರವೈದ್ಯನಾದ ಹೈಮ್ಲಿಕ್ಕನು 1974ರಲ್ಲಿ ಪ್ರಕಟಿಸಿದ ವಿಧಾನವು ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಹೇಳುವುದುಂಟು. ಇದು ಅಭಿಮಾನದ ಮಾತೇ ಹೊರತು ಪ್ರಮಾಣಸಿದ್ಧವಲ್ಲ. ಹೈಮ್ಲಿಕ್ಕನದು ಹೊಟ್ಟೆಯ ಮೇಲ್ಭಾಗವನ್ನು ಒತ್ತುವ ವಿಧಾನ. ಸುಶ್ರುತನದು ಹೆಗಲ ಮೇಲಣ ಪೆಟ್ಟು. ಸಾದೃಶ್ಯವೇ ಬೇಕಾದವರು ಅದೇ ಅಧ್ಯಾಯದಲ್ಲಿ, ನೀರಿನಲ್ಲಿ ಮುಳುಗಿದವನನ್ನು ತಲೆಕೆಳಗಾಗಿ ಹಿಡಿದು ಒತ್ತಬೇಕೆಂಬ ವಿಧಿಯನ್ನಾದರೂ ನೋಡಬಹುದಿತ್ತು. ಇದಕ್ಕಿಂತ ಮುಖ್ಯವಾದ ಆಕ್ಷೇಪವು ಗ್ರಂಥದೊಳಗೇ ಇದೆ. ಉಸಿರಿನ ದಾರಿ ಪೂರ್ತಿ ಮುಚ್ಚಿಹೋದವನಿಗೆ ನೀರನ್ನು ಕುಡಿಸಲಾಗದು. ಕುಡಿಸಹೋದರೆ ಅಪಾಯವು ಹೆಚ್ಚುವುದು. ಗುದ್ದಿಗೆ ಪರ್ಯಾಯವಾಗಿ ಪಾನವನ್ನು ವಿಧಿಸಿರುವುದರಿಂದ ಗ್ರಾಸಶಲ್ಯವು ಪ್ರಾಯಶಃ ಅನ್ನನಾಳದಲ್ಲಿ ನಿಂತ ತುತ್ತು, ಶ್ವಾಸನಾಳದ್ದಲ್ಲ. ಶಾರೀರಸ್ಥಾನದಲ್ಲಿ ಪ್ರಾಣವಹ ಸ್ರೋತಸ್ಸುಗಳನ್ನೂ ಅನ್ನವಹ ಸ್ರೋತಸ್ಸುಗಳನ್ನೂ ಬೇರೆಬೇರೆಯಾಗಿ ಎಣಿಸಿರುವ ಆಚಾರ್ಯನೇ ಚಿಕಿತ್ಸೆಯ ಸಂದರ್ಭದಲ್ಲಿ ಎರಡನ್ನೂ ‘ಕಂಠ’ವೆಂಬ ಒಂದೇ ಶಬ್ದದಲ್ಲಿ ಅಡಗಿಸಿದನು. ಶಾಸ್ತ್ರವನ್ನು ನಂಬಿ ನಡೆದ ವೈದ್ಯನಿಗೆ ಇಲ್ಲಿ ಭ್ರಾಂತಿಯಾಗುವ ಸಂಭವವಿತ್ತು.

ಹೊರಗಿನ ಶಲ್ಯವಿಲ್ಲದೆಯೂ ಮಗುವಿನ ಉಸಿರು ಕಟ್ಟುವುದುಂಟು. ರೋಹಿಣಿಯೆಂಬ ವ್ಯಾಧಿಯಲ್ಲಿ ಮಾಂಸಾಂಕುರಗಳು ಬೆಳೆದು ಗಂಟಲನ್ನು ಅಡಗಟ್ಟುವುವೆಂದು ಸುಶ್ರುತನೂ, ಹೆಚ್ಚೆಂದರೆ ಮೂರು ರಾತ್ರಿ ಬದುಕೆಂದು ಚರಕನೂ ಹೇಳಿದ್ದಾರೆ. ಕುಶಲನು ಬೇಗನೆ ಕೈಹಾಕಿದರೆ ಉಳಿಯುವನೆಂದೂ ಚರಕನ ಮಾತಿದೆ. ಇದನ್ನು ಡಿಫ್ತೀರಿಯದೊಡನೆ ಸಮೀಕರಿಸುವುದು ರೂಢಿಯಾಗಿದೆ. ಫ್ರಾನ್ಸಿನ ಬ್ರೆತನೋ 1826ರಲ್ಲಿ ಆ ರೋಗವನ್ನು ಅದರ ಪೊರೆಯ ಲಕ್ಷಣದಿಂದ ಹೆಸರಿಸಿದನು. 1890ರಲ್ಲಿ ಬೆಹ್ರಿಂಗ್ ಮತ್ತು ಕಿತಾಸಾತೊ ಎಂಬವರು ಪ್ರತಿವಿಷದ ತತ್ತ್ವವನ್ನು ಕಂಡುಹಿಡಿದರು. ಅಂಕುರವೂ ಪೊರೆಯೂ ಒಂದೇ ಅಲ್ಲವಾದುದರಿಂದ ಈ ಸಮೀಕರಣವು ಪೂರ್ಣವಾಗಿ ಒಪ್ಪುವಂಥದಲ್ಲ. ಕನ್ನಡಿಗರು ಅದನ್ನು ಗಂಟಲಮಾರಿ ಎಂದರು. ಹೆಸರಿನಲ್ಲಿಯೇ ಕಾರಣವನ್ನು ದೇವತೆಗೆ ಒಪ್ಪಿಸಿಬಿಟ್ಟರು.

ಮಾತು ಬಾರದ ಶಿಶುವಿನ ಗಂಟಲ ನೋವನ್ನು ತಿಳಿಯುವ ಬಗೆಯನ್ನು 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆ ಹೇಳುತ್ತದೆ. ಜೊಲ್ಲು ಸುರಿಯುವುದು, ಕೆನ್ನೆ ಊದುವುದು, ಬಾಯಿ ತೆರೆದೇ ಇರುವುದು ಅಧಿಜಿಹ್ವಿಕೆಯ ಗುರುತುಗಳು. ಗಂಟಲಿನ ಹಿಂಭಾಗದಲ್ಲಿ ಕೀವುಗಟ್ಟಿದ ಮಗುವಿನಲ್ಲಿ ಇಂದಿನ ವೈದ್ಯರು ಜೊಲ್ಲನ್ನೂ ತೆರೆದ ಬಾಯನ್ನೂ ನೋಡಿಯೇ ಎಚ್ಚರಗೊಳ್ಳುವರು. ಇದಕ್ಕೆ ಎದುರಾಗಿ, ನೊರೆಯುಗುಳಿ ನಡುಬಾಗಿ ಮೇಲೆ ನೋಡುವ ಮಗುವಿಗೆ ನೈಗಮೇಷಗ್ರಹವೆಂದು ಸುಶ್ರುತನ ಉತ್ತರತಂತ್ರವು ಹೇಳುವುದು. ಬಾಲಗ್ರಹಗಳ ವಿಷಯದಲ್ಲಿ ಕನ್ನಡದಲ್ಲಿಯೂ ಸುಮಾರು 1200ರಲ್ಲಿದ್ದ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಇದೆ. ಹುರುಳಿಕಾಳೊಂದು ಉಸಿರಿನ ದಾರಿಗೆ ಬಿದ್ದ ಮಗುವನ್ನು ಗ್ರಹಪೀಡಿತವೆಂದು ಎಣಿಸಿ ಬಲಿಕರ್ಮಕ್ಕೆ ತೊಡಗಿದವರು ಆ ಕಾಲದಲ್ಲಿ ಇದ್ದಿರಬಾರದೆ?

ಕಾಳಿನ ಮಾತಿಗೆ ಪಶ್ಚಿಮ ಬೆಂಗಳೂರು ತಕ್ಕ ನೆಲ. ಇಲ್ಲಿಂದ ಹೊರಡುವ ರಸ್ತೆಯ ತುದಿಯಲ್ಲಿ ಅವರೆಗೆ ಹೆಸರಾದ ಮಾಗಡಿಯಿದೆ. ಮಾಗಿಯ ದಿನಗಳಲ್ಲಿ ಮನೆಮನೆಯಲ್ಲಿಯೂ ಅವರೆ ಸುಲಿದು, ನೆನೆಸಿ, ಹಿತಕುವರು. ಹಿತಕಿದ ಬೇಳೆ ಬಲು ಜಾರು. ಅಮೆರಿಕಾ ಖಂಡದಿಂದ ಬಂದ ಕಡಲೆಕಾಯಿಯಂತೂ ಸುಶ್ರುತನು ಕಾಣದ ಶಲ್ಯ. ದವಡೆಹಲ್ಲು ಪೂರ್ತಿ ಬಾರದ ಎಳೆಯ ಮಕ್ಕಳು ಅದನ್ನು ಅರೆಯಲಾರರು. ಶ್ವಾಸನಾಳವನ್ನು ಹೊಕ್ಕರೆ ಅದು ತೇವಕ್ಕೆ ಉಬ್ಬುವುದಲ್ಲದೆ ತನ್ನ ಎಣ್ಣೆಯಿಂದ ಒಳಪೊರೆಯನ್ನು ಕೆರಳಿಸುವುದು. ಜರ್ಮನಿಯ ಕಿಲಿಯನ್ 1897ರಲ್ಲಿ ರೈತನೊಬ್ಬನ ಶ್ವಾಸನಾಳದ ಕವಲಿನಿಂದ ಮೂಳೆಯೊಂದನ್ನು ಬಾಯಿಯ ಮೂಲಕವೇ ನಾಳವಿಟ್ಟು ತೆಗೆದನು. ಅರಗಿಗಾಗಿ ಸುಶ್ರುತನು ವಿಧಿಸಿದ ನಾಳಶಲಾಕೆಗಳನ್ನು ಇಲ್ಲಿ ನೆನೆಯಬಹುದು. ಆದರೆ ಕಿಲಿಯನ್ನನು ಬೆಳಕಿಟ್ಟು ಕಣ್ಣಾರೆ ನೋಡುತ್ತ ತೆಗೆದನೆಂಬುದನ್ನು ಮರೆಯತಕ್ಕದ್ದಲ್ಲ.

ಇನ್ನು ನೆತ್ತಿಯ ವಿಚಾರ. ಪ್ರಾಣವು ಬ್ರಹ್ಮರಂಧ್ರಕ್ಕೆ ಏರುವುದೆಂಬ ತತ್ತ್ವವೇ ಈ ನುಡಿಗೆ ಮೂಲವೆನ್ನುವುದು ಅತಿವ್ಯಾಖ್ಯಾನ. ದಾರಿತಪ್ಪಿದ ನೀರು ಮೂಗಿನ ಹಿಂಬದಿಗೆ ನುಗ್ಗಿದಾಗ ಉರಿಯು ನೆತ್ತಿಯವರೆಗೆ ಏರಿದಂತಾಗುವ ಅನುಭವವೇ ಸಾಕಾದ ಕಾರಣ. ನೆತ್ತಿಯನ್ನು ತಟ್ಟುವುದರಿಂದ ಏನೂ ಹೊರಬಾರದು. ಮಗು ಬಲವಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡುವುದೂ, ಕೆಮ್ಮಲೂ ಅಳಲೂ ಆಗದ ವರ್ಷದೊಳಗಿನ ಕೂಸಾದರೆ ತಲೆ ತಗ್ಗಿಸಿ ಬೋರಲಾಗಿ ಹಿಡಿದು ಹೆಗಲೆಲುಬುಗಳ ನಡುವೆ ಐದು ಪೆಟ್ಟು ಕೊಟ್ಟು, ಬಳಿಕ ಅಂಗಾತ ತಿರುಗಿಸಿ ಎದೆಯನ್ನು ಐದು ಸಲ ಒತ್ತುವುದೂ ಇಂದಿನ ವಿಧಿ. ಆದರೂ ‘ಹತ್ತಿತು’ ಎಂದ ನಾಲಗೆಯು ‘ಸಿಕ್ಕಿತು’ ಎನ್ನದೆ ಭೇದವನ್ನು ಕಾದುಕೊಂಡಿತು.

ಆ ನಾಲಗೆಯೂ ಒಂದೆಡೆ ತಪ್ಪುವುದು. ಕೆಮ್ಮು ನಿಂತೊಡನೆ ಮನೆಯವರು ‘ಇಳಿಯಿತು’ ಎನ್ನುವರು. ಅನ್ನನಾಳಕ್ಕೆ ಇಳಿಯಿತೋ ಶ್ವಾಸನಾಳದ ಕವಲಿಗೆ ಇಳಿಯಿತೋ ಆ ಕ್ರಿಯಾಪದದಿಂದ ತಿಳಿಯದು. ಕವಲನ್ನು ಸೇರಿದ ಕಾಳು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಯಾವ ಸದ್ದೂ ಮಾಡದೆ ಇರುವುದುಂಟು. ಆಮೇಲೆ ಒಂದೇ ಪಕ್ಕದ ಎದೆಯಲ್ಲಿ ಸಿಳ್ಳೆಯಂಥ ಉಸಿರು ಕೇಳಿಬಂದಾಗ ಉಬ್ಬಸವೆಂದು ಔಷಧ ನಡೆಯುವುದು. ಅವರೆಕಾಳಿನ ದಿನವು ಅಷ್ಟರಲ್ಲಿ ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ.