50 ತುಂಬಿದ ದಿನ ಹೊಸ ಎಪಿಸೋಡೇ ಇರಲಿಲ್ಲ: ಸ್ಟಾರ್ ಟ್ರೆಕ್ ಅಭಿಮಾನಿಗಳ ಬೇಸರದ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತಿರ್ತೀರಾ ಅಂದ್ಕೋತೀನಿ. ಇವತ್ತಿನ ಕಂತಲ್ಲಿ ಒಂದು ಹುಟ್ಟುಹಬ್ಬದ ಕಥೆ ಹೇಳ್ತೀನಿ. ಹುಟ್ಟುಹಬ್ಬದವರು ದೊಡ್ಡ ಮನುಷ್ಯರು, ನೆಂಟರೆಲ್ಲ ಬಂದಿದ್ರು, ಆದ್ರೆ ಮನೆ ಯಜಮಾನರಿಗೇ ಪುರುಸೊತ್ತು ಇರಲಿಲ್ಲ. ಅಂಥ ಕಥೆ.

2016ರ ಸೆಪ್ಟೆಂಬರ್ ಮೊದಲ ವಾರ ನೆನಪಿದ್ಯಾ? 5ನೇ ತಾರೀಕು ಜಿಯೋ ಶುರುವಾಯ್ತು, ಊರೆಲ್ಲ ಸಿಮ್‌ಗೆ ಕ್ಯೂ. 9ನೇ ತಾರೀಕು ಕಾವೇರಿ ವಿಚಾರಕ್ಕೆ ಕರ್ನಾಟಕ ಬಂದ್. ನಾನಾಗ ಬಿ.ಕಾಂ ಓದ್ತಿದ್ದೆ. 8ರ ರಾತ್ರಿ, ನಾಳೆ ಕಾಲೇಜಿಲ್ಲ ಅನ್ನೋ ಖುಷಿ, ಕೈಯಲ್ಲಿ ಫ್ರೀ ಡೇಟಾ. ಅವತ್ತು ಸ್ಟಾರ್ ಟ್ರೆಕ್‌ಗೆ 50 ವರ್ಷ ತುಂಬಿದ ದಿನ. ಏನೋ ದೊಡ್ಡದು ಬರತ್ತೆ ಅಂತ ಹುಡುಕ್ತಾ ಕೂತೆ. ಹಳೇ ಕ್ಲಿಪ್ಪುಗಳು, ಶುಭಾಶಯಗಳು, ನೆನಪಿನ ಲೇಖನಗಳು, ಎಲ್ಲ ಸಿಕ್ಕಿತು. ಹೊಸ ಎಪಿಸೋಡ್ ಮಾತ್ರ ಇರಲಿಲ್ಲ. 50 ವರ್ಷದ ಟಿವಿ ಶೋ, ತನ್ನ 50ನೇ ಹುಟ್ಟುಹಬ್ಬದ ದಿನ ಟಿವಿಯಲ್ಲೇ ಇರಲಿಲ್ಲ.

ಯಾಕೆ ಹೀಗಾಯ್ತು? ಕಾಮರ್ಸ್ ಓದಿದವನಿಗೆ ಇದರ ಉತ್ತರ ಬಹಳ ಆಸಕ್ತಿಯ ವಿಷಯ. ಯಾಕಂದ್ರೆ ಉತ್ತರ ಇರೋದು ಆಕಾಶದಲ್ಲಲ್ಲ, ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ.

ಮೊದಲು ಶೋ ಗೊತ್ತಿಲ್ಲದವರಿಗೆ ಎರಡು ಮಾತು. 1966ರ ಸೆಪ್ಟೆಂಬರ್ 8ರ ರಾತ್ರಿ ಎಂಟೂವರೆಗೆ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಸ್ಟಾರ್ ಟ್ರೆಕ್ ಶುರುವಾಯ್ತು. ಕಲ್ಪನೆ ಜೀನ್ ರಾಡನ್‌ಬೆರಿ ಅವರದ್ದು. ಎಂಟರ್‌ಪ್ರೈಸ್ ಅನ್ನೋ ಗಗನನೌಕೆ, ಅದಕ್ಕೆ ಕ್ಯಾಪ್ಟನ್ ಕರ್ಕ್, ಜೊತೆಗೆ ಚೂಪು ಕಿವಿಯ ಸ್ಪಾಕ್. ಕಥೆಗಿಂತ ದೊಡ್ಡ ವಿಷಯ ಆ ನೌಕೆಯಲ್ಲಿ ಯಾರ್ಯಾರು ಕೂತಿದ್ರು ಅನ್ನೋದು. ಕಪ್ಪು ವರ್ಣದ ಮಹಿಳೆ ಉಹುರಾ ಅಧಿಕಾರಿ. ಜಪಾನ್ ಮೂಲದ ನಟ ಜಾರ್ಜ್ ಟಕೈ ಮಾಡಿದ ಸುಲು, ನೌಕೆ ಓಡಿಸೋನು. ಎರಡನೇ ಸೀಸನ್‌ನಲ್ಲಿ ರಷ್ಯದ ಚೆಕೋವ್ ಕೂಡ ಬಂದ. ಅಮೆರಿಕ ಮತ್ತು ರಷ್ಯ ಒಬ್ಬರ ಮುಖ ಒಬ್ಬರು ನೋಡದ ಕಾಲ ಅದು. ಉಹುರಾ ಪಾತ್ರದ ನಿಶೆಲ್ ನಿಕೋಲ್ಸ್ ಶೋ ಬಿಡೋಕೆ ಹೊರಟಾಗ, ಬಿಡಬೇಡಿ ಅಂತ ಹೇಳಿದ್ದು ಮಾರ್ಟಿನ್ ಲೂಥರ್ ಕಿಂಗ್. ಇದನ್ನ ನಿಕೋಲ್ಸ್ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಆದ್ರೆ ಟಿಆರ್‌ಪಿ? ಸುಮಾರು. ಎರಡನೇ ಸೀಸನ್ ಹೊತ್ತಿಗೇ ಶೋ ನಿಲ್ಲತ್ತೆ ಅನ್ನೋ ಸುದ್ದಿ. ಇಲ್ಲಿ ಅಭಿಮಾನಿಗಳು ಕಥೆಯೊಳಗೆ ಬರ್ತಾರೆ. ಬಿಜೋ ಟ್ರಿಂಬಲ್ ಅನ್ನೋ ಮಹಿಳೆ ಮತ್ತು ಅವರ ಪತಿ ಜಾನ್ ಪತ್ರ ಚಳವಳಿ ಶುರು ಮಾಡಿದ್ರು. ವಾಟ್ಸಾಪ್ ಇಲ್ಲ, ಹ್ಯಾಶ್‌ಟ್ಯಾಗ್ ಇಲ್ಲ. ಒಬ್ಬೊಬ್ಬರೂ ಕೂತು ಪತ್ರ ಬರೆದು, ಸ್ಟಾಂಪ್ ಅಂಟಿಸಿ ಕಳಿಸಬೇಕು. ಎನ್‌ಬಿಸಿಗೆ ಲಕ್ಷಕ್ಕೂ ಹೆಚ್ಚು ಪತ್ರ ಬಂತು. ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ಚಾನೆಲ್ ಕಚೇರಿವರೆಗೂ ಮೆರವಣಿಗೆ ಹೋದ್ರು. ಕೊನೆಗೆ 1968ರ ಮಾರ್ಚ್ 1ರಂದು ಎಪಿಸೋಡ್ ಮುಗಿದ ಮೇಲೆ ಚಾನೆಲ್‌ನವರೇ ತೆರೆಯ ಮೇಲೆ ಘೋಷಣೆ ಮಾಡಿದ್ರು: ಶೋ ಮುಂದುವರೆಯತ್ತೆ.

ಮೂರನೇ ಸೀಸನ್ ಬಂತು, ಆದ್ರೆ ಶುಕ್ರವಾರ ರಾತ್ರಿ ಹತ್ತು ಗಂಟೆಗೆ. ಶೋ ನೋಡೋ ಹುಡುಗರೆಲ್ಲ ಹೊರಗಡೆ ತಿರುಗೋ ಹೊತ್ತು. 1969ರ ಜೂನ್ 3ಕ್ಕೆ ಕಥೆ ಮುಗೀತು. ಒಟ್ಟು 79 ಎಪಿಸೋಡ್. ಅದಾಗಿ ಏಳು ವಾರಕ್ಕೆ ನಿಜವಾದ ಮನುಷ್ಯರು ಚಂದ್ರನ ಮೇಲೆ ಇಳಿದ್ರು.

ಅಲ್ಲಿಗೆ ಸತ್ತು ಹೋಗಬೇಕಿತ್ತು. ಆದ್ರೆ ಊರೂರ ಸ್ಥಳೀಯ ಚಾನೆಲ್‌ಗಳು ಈ 79 ಎಪಿಸೋಡುಗಳನ್ನೇ ಸಂಜೆ ಹೊತ್ತು ತಿರುಗಿ ತಿರುಗಿ ಹಾಕಿದವು. ಹೊಸ ಪೀಳಿಗೆ ಹುಚ್ಚು ಹಿಡಿಸಿಕೊಂಡಿತು. 1972ರ ಜನವರಿಯಲ್ಲಿ ನ್ಯೂಯಾರ್ಕ್‌ನ ಒಂದು ಹೋಟೆಲಲ್ಲಿ ಅಭಿಮಾನಿಗಳು ಸಮಾವೇಶ ಮಾಡಿದ್ರು. ಕೆಲವು ನೂರು ಜನ ಬರಬಹುದು ಅಂದ್ಕೊಂಡ್ರೆ ಸಾವಿರಾರು ಜನ ಬಂದ್ರು. 1976ರಲ್ಲಿ, ಅಂದ್ರೆ ಹತ್ತನೇ ವರ್ಷಕ್ಕೆ, ಅಭಿಮಾನಿಗಳ ಪತ್ರಗಳಿಂದಾಗಿ ನಾಸಾದ ಮೊದಲ ಸ್ಪೇಸ್ ಶಟಲ್‌ಗೆ ಎಂಟರ್‌ಪ್ರೈಸ್ ಅಂತ ಹೆಸರಿಟ್ಟರು. ಮೊದಲು ಅದಕ್ಕೆ ಕಾನ್‌ಸ್ಟಿಟ್ಯೂಷನ್ ಅನ್ನೋ ಹೆಸರು ಯೋಚಿಸಿದ್ರು. ನಿಂತುಹೋದ ಟಿವಿ ಶೋಗೆ ಹತ್ತನೇ ಹುಟ್ಟುಹಬ್ಬದ ಗಿಫ್ಟು, ಒಂದು ನಿಜವಾದ ಗಗನನೌಕೆಗೆ ತನ್ನ ಹೆಸರು!

ಆಮೇಲೆ 1979ರಲ್ಲಿ ಸಿನಿಮಾ ಬಂತು. ಅದರಲ್ಲಿ ನಮ್ಮ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟ ತಲೆ ಬೋಳಿಸಿಕೊಂಡು ಮಾಡಿದ ಪಾತ್ರ ಹಳಬರಿಗೆ ನೆನಪಿರಬಹುದು. 1987ರಿಂದ ಟಿವಿಯಲ್ಲಿ ಹೊಸ ಹೊಸ ಸರಣಿಗಳು ಸಾಲಾಗಿ ಬಂದವು. ಹುಟ್ಟುಹಬ್ಬಗಳೂ ಜೋರಾಗಿಯೇ ಆದವು. 25ಕ್ಕೆ, 1991ರಲ್ಲಿ, ಹಳೇ ತಂಡದ ಕೊನೆಯ ಸಿನಿಮಾ. ರಾಡನ್‌ಬೆರಿ ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು. 30ಕ್ಕೆ, 1996ರಲ್ಲಿ, ಅಬ್ಬಬ್ಬಾ! ಒಂದು ಸಿನಿಮಾ, ಎರಡು ಚಾಲ್ತಿ ಸರಣಿ. ಅದರಲ್ಲಿ ಡೀಪ್ ಸ್ಪೇಸ್ ನೈನ್‌ನವರು ತಮ್ಮ ಪಾತ್ರಗಳನ್ನ 60ರ ದಶಕದ ಹಳೇ ಎಪಿಸೋಡಿನ ಒಳಗೇ ಕೂರಿಸಿ ಒಂದು ಕಂತು ಮಾಡಿದ್ರು. ಇವತ್ತಿಗೂ ಅಭಿಮಾನಿಗಳು ಅದನ್ನ ನೆನೆಸಿಕೊಂಡು ನಗ್ತಾರೆ.

ಹಾಗಾದ್ರೆ ಎಲ್ಲಿ ಕೆಟ್ಟಿತು?

2005ರ ಮೇ ತಿಂಗಳಲ್ಲಿ ಎಂಟರ್‌ಪ್ರೈಸ್ ಅನ್ನೋ ಸರಣಿ ನಿಂತಿತು. 18 ವರ್ಷದಲ್ಲಿ ಮೊದಲ ಸಲ ಟಿವಿಯಲ್ಲಿ ಹೊಸ ಸ್ಟಾರ್ ಟ್ರೆಕ್ ಇಲ್ಲ. ಅದೇ ವರ್ಷದ ಕೊನೆಗೆ ಇನ್ನೊಂದು ಘಟನೆ. ವಯಾಕಾಮ್ ಅನ್ನೋ ದೊಡ್ಡ ಕಂಪನಿ ಎರಡು ಭಾಗ ಆಯ್ತು. ಒಂದು ಸಿಬಿಎಸ್, ಇನ್ನೊಂದು ಹೊಸ ವಯಾಕಾಮ್. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದಾಗ ಹೊಲ ಒಬ್ಬನಿಗೆ, ಬಾವಿ ಒಬ್ಬನಿಗೆ ಬರತ್ತಲ್ಲ, ಹಾಗೆ. ಸ್ಟಾರ್ ಟ್ರೆಕ್ ಟಿವಿ ಹಕ್ಕು ಸಿಬಿಎಸ್‌ಗೆ ಹೋಯ್ತು. ಸಿನಿಮಾ ಮಾಡೋ ಪ್ಯಾರಾಮೌಂಟ್ ವಯಾಕಾಮ್ ಪಾಲಿಗೆ ಬಂತು. ತಮಾಷೆ ಅಂದ್ರೆ ಎರಡೂ ಕಂಪನಿಗಳ ಹಿಡಿತ ಇದ್ದದ್ದು ಒಬ್ಬರ ಕೈಯಲ್ಲೇ, ಸಮ್ನರ್ ರೆಡ್‌ಸ್ಟೋನ್. ಆದ್ರೆ ಲೆಕ್ಕ ಬೇರೆ, ಬಾಸ್ ಬೇರೆ, ಲಾಭ ಬೇರೆ.

ಪಾಲಾದ ಮೊದಲ ವರ್ಷವೇ 40ನೇ ಹುಟ್ಟುಹಬ್ಬ, 2006. ಹೊಸ ಸರಣಿ ಇಲ್ಲ, ಹೊಸ ಸಿನಿಮಾ ಇಲ್ಲ. ಹಳೇ ಎಪಿಸೋಡುಗಳಿಗೆ ಪಾಲಿಶ್ ಹೊಡೆದು ಹೊಸ ಗ್ರಾಫಿಕ್ಸ್ ಹಾಕಿ ತೋರಿಸೋಕೆ ಶುರು ಮಾಡಿದ್ರು. ಅಕ್ಟೋಬರ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆ ಮೂಲಕ ಶೋದ ಬಟ್ಟೆ, ಮಾಡೆಲ್, ಸಾಮಾನುಗಳ ಹರಾಜು ನಡೀತು. ಒಂದು ನೌಕೆಯ ಮಾಡೆಲ್ಲೇ 5,76,000 ಡಾಲರ್‌ಗೆ ಹೋಯ್ತು. ಒಟ್ಟು 70 ಲಕ್ಷ ಡಾಲರ್ ದಾಟಿತು. ಹುಟ್ಟುಹಬ್ಬಕ್ಕೆ ಮನೆ ಪಾತ್ರೆ ಪಗಡೆ ಹರಾಜು ಹಾಕಿದ ಹಾಗೆ ಅನ್ನಿಸೋದಿಲ್ವಾ? ಕೊಂಡವರಿಗೆ ಖುಷಿ, ನಿಜ. ಆದ್ರೆ ಅಂಗಡಿ ಮುಚ್ಚೋ ಮುಂಚೆ ಮಾಡೋ ಕೆಲಸ ಅದು.

ಸರಿ, 40 ಹೋಗಲಿ, 50ಕ್ಕೆ ನೋಡೋಣ ಅಂದ್ಕೊಂಡ್ರು. ಅಭಿಮಾನಿಗಳ ಕಣ್ಮುಂದೆ ಒಂದು ಉದಾಹರಣೆ ಬೇರೆ ಇತ್ತು. ಬ್ರಿಟನ್ನಿನ ಡಾಕ್ಟರ್ ಹೂ ಸರಣಿಗೆ 2013ರ ನವೆಂಬರ್ 23ಕ್ಕೆ 50 ತುಂಬಿತು. ಅದೇ ದಿನ, ಒಂದೇ ಸಮಯಕ್ಕೆ, 94 ದೇಶಗಳಲ್ಲಿ ವಿಶೇಷ ಎಪಿಸೋಡ್ ಪ್ರಸಾರ. ಗಿನ್ನೆಸ್ ದಾಖಲೆ ಬೇರೆ. ಡಾಕ್ಟರ್ ಹೂಗೆ ಮನೆ ಒಂದೇ, ಬಿಬಿಸಿ. ತಾರೀಕು ಮರೆಯೋ ಮಾತೇ ಇರಲಿಲ್ಲ.

ಇಲ್ಲಿ? ಹೊಸ ಸರಣಿ ಬರತ್ತೆ ಅಂತ ಸಿಬಿಎಸ್ 2015ರ ನವೆಂಬರ್‌ನಲ್ಲಿ ಹೇಳಿತು. ಯಾವಾಗ? 2017ರ ಜನವರಿಗೆ. ಅಂದ್ರೆ ಹುಟ್ಟುಹಬ್ಬ ಮುಗಿದ ಮೇಲೆ. ಅದೂ ಮೇ ತಿಂಗಳಿಗೆ ಹೋಯ್ತು, ಕೊನೆಗೆ ಬಂದಿದ್ದು ಸೆಪ್ಟೆಂಬರ್ 24ಕ್ಕೆ. ಸಿನಿಮಾದವರು ತಮ್ಮ ಪಾಡಿಗೆ ಸ್ಟಾರ್ ಟ್ರೆಕ್ ಬಿಯಾಂಡ್ ಅಂತ ಒಂದನ್ನ 2016ರ ಜುಲೈಗೇ ಬಿಟ್ಟರು. ಮೊದಲ ಟ್ರೇಲರ್ ನೋಡಿ ಜನ ಬೈಕ್ ರೇಸಿನ ಸಿನಿಮಾನಾ ಇದು ಅಂತ ಕೇಳಿದ್ರು. ಅದರ ಕಥೆ ಬರೆದವರಲ್ಲಿ ಒಬ್ಬರಾದ ಸೈಮನ್ ಪೆಗ್ ಅವರಿಗೇ ಆ ಟ್ರೇಲರ್ ಹಿಡಿಸಿರಲಿಲ್ಲ. ಸಿನಿಮಾ ಚೆನ್ನಾಗೇ ಇತ್ತು. ಹಿಂದಿನ ವರ್ಷ ತೀರಿಕೊಂಡ ಲಿಯೊನಾರ್ಡ್ ನಿಮೋಯ್, ಅಂದ್ರೆ ಮೂಲ ಸ್ಪಾಕ್, ಅವರಿಗೆ ಒಂದು ನಮನ ಇದೆ, ಕಣ್ಣು ಒದ್ದೆ ಆಗತ್ತೆ. ಆದ್ರೆ ಸುಮಾರು 18.5 ಕೋಟಿ ಡಾಲರ್ ಖರ್ಚಿಗೆ ಜಗತ್ತಿನಾದ್ಯಂತ ಬಂದಿದ್ದು ಸುಮಾರು 34 ಕೋಟಿ. ಥಿಯೇಟರ್ ಪಾಲು, ಪ್ರಚಾರದ ಖರ್ಚು ಕಳೆದ್ರೆ ಉಳಿದದ್ದು ತಲೆನೋವು. ಸಾಲದ್ದಕ್ಕೆ ಅದೇ ವರ್ಷ ವಯಾಕಾಮ್‌ನ ಬೋರ್ಡ್ ರೂಮಿನಲ್ಲಿ ರೆಡ್‌ಸ್ಟೋನ್ ಕುಟುಂಬಕ್ಕೂ ಸಿಇಒಗೂ ಕೋರ್ಟ್ ಜಗಳ. ಕೇಕ್ ಆರ್ಡರ್ ಮಾಡೋರು ಯಾರು?

ನ್ಯಾಯವಾಗಿ ಹೇಳಬೇಕು, ಏನೂ ಆಗಲೇ ಇಲ್ಲ ಅಂತಲ್ಲ. ಅಮೆರಿಕದ ಅಂಚೆ ಇಲಾಖೆ ಸ್ಟಾಂಪ್ ತಂತು. ಸ್ಮಿತ್‌ಸೋನಿಯನ್ ಮ್ಯೂಸಿಯಂನವರು 1960ರ ದಶಕದ ಆ 11 ಅಡಿ ಎಂಟರ್‌ಪ್ರೈಸ್ ಮಾಡೆಲನ್ನ ರಿಪೇರಿ ಮಾಡಿ, ನಿಜವಾದ ವಿಮಾನ, ನೌಕೆಗಳ ಸಾಲಲ್ಲೇ ಇಟ್ಟರು. ಸಮಾವೇಶಗಳೂ ಆದವು. ಗಮನಿಸಿ, ಅಂಚೆ ಇಲಾಖೆಗೆ ನೆನಪಿತ್ತು, ಮ್ಯೂಸಿಯಂಗೆ ನೆನಪಿತ್ತು.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಮೌನ ಅಲ್ಲ, ಒಂದು ಲಾಯರ್ ನೋಟಿಸು. ದಶಕಗಳಿಂದ ಅಭಿಮಾನಿಗಳು ತಾವೇ ಚಂದಾ ಎತ್ತಿ, ಸೆಟ್ ಹಾಕಿ, ಸ್ಟಾರ್ ಟ್ರೆಕ್ ಕಥೆಗಳನ್ನ ಚಿತ್ರೀಕರಿಸ್ತಿದ್ರು. ಟಿವಿಯಲ್ಲಿ ಏನೂ ಇಲ್ಲದ ಹನ್ನೆರಡು ವರ್ಷ ದೀಪ ಆರದ ಹಾಗೆ ನೋಡಿಕೊಂಡವರು ಅವರೂ ಹೌದು. ಅದರಲ್ಲಿ ಆಕ್ಸನಾರ್ ಅನ್ನೋ ತಂಡ ಜನರಿಂದ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಎತ್ತಿತು. 2015ರ ಡಿಸೆಂಬರ್ ಕೊನೆಗೆ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಸೇರಿ ಅವರ ಮೇಲೆ ಕೇಸ್ ಹಾಕಿದವು. ಹುಟ್ಟುಹಬ್ಬಕ್ಕೆ ಒಂದಾಗದ ಇಬ್ಬರೂ ಕೇಸಿಗೆ ಒಂದಾದ್ರು ನೋಡಿ!

ಕಂಪನಿ ಕಡೆಯ ವಾದವನ್ನೂ ಕೇಳೋಣ. ಕಾಪಿರೈಟ್ ಅವರದ್ದು. ಇನ್ನೊಬ್ಬರ ಹೆಸರಲ್ಲಿ ಅಷ್ಟು ದುಡ್ಡು ಎತ್ತಿ ಸ್ಟುಡಿಯೋ ಕಟ್ಟೋಕೆ ಹೊರಟ್ರೆ ಯಾವ ಮಾಲೀಕನಾದ್ರೂ ಕೇಳ್ತಾನೆ. ಕೋರ್ಟ್ ಕೂಡ ಆಮೇಲೆ ಆಕ್ಸನಾರ್‌ನ ಮುಖ್ಯ ವಾದವನ್ನ ಒಪ್ಪಲಿಲ್ಲ, 2017ರ ಜನವರಿಯಲ್ಲಿ ರಾಜಿ ಆಯ್ತು. ಅದು ಸರಿ. ಆದ್ರೆ 2016ರ ಜೂನ್‌ನಲ್ಲಿ ಎಲ್ಲ ಅಭಿಮಾನಿಗಳಿಗೂ ಒಂದು ನಿಯಮಗಳ ಪಟ್ಟಿ ಬಂತು. ಕಥೆ 15 ನಿಮಿಷ ಮೀರಬಾರದು, ಎರಡು ಭಾಗ ಮಾಡಿದ್ರೂ ಒಟ್ಟು 30. ಶೀರ್ಷಿಕೆಯಲ್ಲಿ ಸ್ಟಾರ್ ಟ್ರೆಕ್ ಅಂತ ಇರಬಾರದು. 50,000 ಡಾಲರ್‌ಗಿಂತ ಹೆಚ್ಚು ಎತ್ತಬಾರದು. ಮೂಲ ಶೋದಲ್ಲಿ ಕೆಲಸ ಮಾಡಿದ ನಟರು, ತಂತ್ರಜ್ಞರನ್ನ ಸೇರಿಸಬಾರದು. 50ನೇ ವರ್ಷದಲ್ಲಿ ಅಭಿಮಾನಿಗಳ ಕೈಗೆ ಮಾಲೀಕರಿಂದ ಸಿಕ್ಕ ಕಾಗದ ಇದು. 1968ರಲ್ಲಿ ಲಕ್ಷ ಪತ್ರ ಬರೆದವರಿಗೆ 48 ವರ್ಷ ಆದ್ಮೇಲೆ ಬಂದ ಉತ್ತರದ ಪತ್ರ ಅಂತ ನಂಗೆ ಅನ್ನಿಸ್ತು.

ಅಣ್ಣಾವ್ರು ಅಭಿಮಾನಿಗಳನ್ನ ದೇವರು ಅಂತಿದ್ರು. ಹಾಲಿವುಡ್ ಕಂಪನಿಗಳು ದೇವರು ಅನ್ನೋದು ಬೇಡ. ಪಾಲುದಾರರು ಅಂದ್ರೂ ಸಾಕಿತ್ತು. ಬ್ಯಾಲೆನ್ಸ್ ಶೀಟಲ್ಲಿ ಗುಡ್‌ವಿಲ್ ಅಂತ ಒಂದು ಸಾಲು ಬರತ್ತೆ. ಕಟ್ಟಡ ಅಲ್ಲ, ಮೆಷಿನ್ ಅಲ್ಲ, ಹೆಸರಿನ ಮೇಲೆ ಜನ ಇಟ್ಟ ವಿಶ್ವಾಸದ ಬೆಲೆ. ಸ್ಟಾರ್ ಟ್ರೆಕ್‌ನ ಆಸ್ತಿಯಲ್ಲಿ ಮುಕ್ಕಾಲು ಪಾಲು ಅದೇ. ಅದನ್ನ ಕೂಡಿಟ್ಟವರು ಪತ್ರ ಬರೆದವರು, ಹೋಟೆಲಲ್ಲಿ ಸಮಾವೇಶ ಮಾಡಿದವರು, ರಾತ್ರಿ ಕೂತು ಸ್ಪಾಕ್‌ನ ಕಿವಿ ಹೊಲಿದು ಅಂಟಿಸಿಕೊಂಡವರು. ಕಾನೂನಿನಲ್ಲಿ ಅವರಿಗೆ ಒಂದು ಪೈಸೆ ಷೇರೂ ಇಲ್ಲ. ಅದಕ್ಕೇ ಬೇಸರ. ದುಡ್ಡು ಕೇಳಿದವರಲ್ಲ ಅವರು. ಇದು ನಮ್ಮದೂ ಹೌದು ಅಂತ ಒಂದು ದಿನ, ಆ ಒಂದು ದಿನ, ಒಪ್ಪಿಕೊಳ್ಳಿ ಅಂತ ಕೇಳಿದ್ರು ಅಷ್ಟೇ.

2019ರ ಡಿಸೆಂಬರ್‌ನಲ್ಲಿ ಸಿಬಿಎಸ್ ಮತ್ತು ವಯಾಕಾಮ್ ಮತ್ತೆ ಒಂದಾದವು. ಟಿವಿ, ಸಿನಿಮಾ ಎರಡೂ ಒಂದೇ ಸೂರಿನಡಿ ಬಂದವು. 60ನೇ ಹುಟ್ಟುಹಬ್ಬದ ತಾರೀಕು 2026ರ ಸೆಪ್ಟೆಂಬರ್ 8. ಪಾಲಾಗಿದ್ವಿ ಅನ್ನೋ ನೆಪ ಇನ್ನು ನಡೆಯಲ್ಲ.

ಆ 2016ರ ರಾತ್ರಿ ನಾನೇನು ಮಾಡ್ದೆ ಅಂತ ಹೇಳಿ ಮುಗಿಸ್ತೀನಿ. ಹೊಸದೇನೂ ಸಿಗದೆ, 1966ರ ಆ ಮೊದಲ ಎಪಿಸೋಡನ್ನೇ ಹಾಕ್ಕೊಂಡೆ. ಬಣ್ಣ ಬಣ್ಣದ ರಟ್ಟಿನ ಸೆಟ್ಟು, ಪಾಪದ ಗ್ರಾಫಿಕ್ಸು. ಪಕ್ಕದಲ್ಲಿ ಮಲಗಿದ್ದ ತಮ್ಮ ಎದ್ದು, ಇದೇನೋ ಇಷ್ಟು ಹಳೇದು ಅಂದ. ಸುಮ್ನೆ ನೋಡು ಅಂದೆ. ಹತ್ತು ನಿಮಿಷ ಆದ್ಮೇಲೆ, ಆ ಚೂಪು ಕಿವಿಯವನು ಯಾರು ಅಂತ ಕೇಳಿದ. ಹುಟ್ಟುಹಬ್ಬ ಅಲ್ಲಿಗೆ ಆಯ್ತು ಅಂದ್ಕೊಂಡೆ.

ನಿಮಗೂ ಹೀಗೆ ಯಾರೂ ಆಚರಿಸದ ಒಂದು ಹಳೇ ಶೋ ಇದ್ರೆ, ಇವತ್ತು ಮನೇಲಿ ಯಾರಿಗಾದ್ರೂ ಒಂದು ಎಪಿಸೋಡ್ ತೋರಿಸಿ.